ಯಾನ್ ಶೌಲಿನ್ ಅವರ ಖಾಲಿ ಪುಟ

ಚೀನಾದ ಗಾನ್ಸು ಪ್ರಾಂತ್ಯದ ನಮ್ಮ ಜಿಲ್ಲೆಯಲ್ಲಿ ಇಪ್ಪತ್ತು ವರ್ಷಕ್ಕೊಮ್ಮೆ ಜಿಲ್ಲೆಯ ಚರಿತ್ರೆಯನ್ನು ಅಚ್ಚು ಹಾಕಿಸುತ್ತಾರೆ. ನಿವೃತ್ತ ಅಧಿಕಾರಿಗಳಿಗೆ ಅದರಲ್ಲಿ ಒಂದೊಂದು ಪುಟ. ಅವರವರ ಒಪ್ಪಿಗೆಯ ಮುದ್ರೆ ಬೀಳದೆ ಒಂದು ಸಾಲೂ ಅಚ್ಚಾಗುವಂತಿಲ್ಲ. ಉಪ ಜಿಲ್ಲಾಧ್ಯಕ್ಷರಾಗಿದ್ದ ಯಾನ್ ಶೌಲಿನ್ ಅವರ ಪುಟವನ್ನು ಸಂಪಾದಕ ಹೌ ಒಪ್ಪಿಗೆಗೆಂದು ಅವರ ಮನೆಗೆ ತಂದಾಗ, ಹಿಂದೆ ಅವರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದ ನಾನೂ ಅಲ್ಲೇ ಚಹಾ ಕುಡಿಯುತ್ತಿದ್ದೆ.

‘ಅನಾರೋಗ್ಯದ ಕಾರಣ ಹುದ್ದೆ ತೊರೆದರು’ ಎಂಬ ಸಾಲಿಗೆ ಬಂದದ್ದೇ ಯಾನ್ ಕೆರಳಿದರು.

“ಯಾವನಿಗಯ್ಯಾ ಕಾಯಿಲೆ? ಹಳೇ ಪಿಯರ್ ಹಣ್ಣಿನ ತೋಟ ಕಡಿಯೋ ಆದೇಶಕ್ಕೆ ಸಹಿ ಹಾಕಲ್ಲ ಅಂದೆ, ಕಿತ್ತುಹಾಕಿದ್ರು. ಹಾಗೇ ಬರಿ.”

“ಅದಾಗಲ್ಲ ಯಾನ್ ಸಾಹೇಬ್ರೇ. ಸಾಕ್ಷಿ ಯಾರಿದ್ದಾರೆ?” ಎಂದ ಹೌ.

ನನಗೆ ಮೈ ಉರಿಯಿತು. “ಆ ಕಾಯಿಲೆ ಪತ್ರ ಟೈಪ್ ಮಾಡಿದೋನು ನಾನೇ ಕಣಯ್ಯಾ. ಅವತ್ತು ಬೆಳಿಗ್ಗೆ ಇವ್ರು ನನ್ನ ಎದುರಿಗೇ ಎರಡು ಬಟ್ಟಲು ಕುರಿಮಾಂಸದ ನೂಡಲ್ಸ್ ಹೊಡೆದಿದ್ರು!”

ಆದರೂ ಹೌ ಆ ಸಾಲನ್ನು ಬದಲಿಸಲು ಒಪ್ಪಲಿಲ್ಲ. ಯಾನ್ ಕುಂಚ ತೆಗೆದುಕೊಂಡು, ತಮ್ಮ ಹೆಸರೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಹೊಡೆದುಹಾಕಿ, ಹೆಸರಿನ ಕೆಳಗೆ ಮುದ್ರೆ ಒತ್ತಿದರು.

“ನಿಜ ಬರೆಯೋಕೆ ಧೈರ್ಯ ಇಲ್ದಿದ್ರೆ ಖಾಲಿ ಬಿಡು.”

ಪುಸ್ತಕ ಹಾಗೆಯೇ ಬಂತು. ಗ್ರಂಥಾಲಯದಲ್ಲಿರುವ ಪ್ರತಿಯನ್ನು ಬೇಕಾದರೆ ಹೋಗಿ ನೋಡಿ. ಎಂಟುನೂರು ಪುಟಗಳಲ್ಲಿ ಜನರ ಕೈಯಾಡಿ ಮಾಸಿರುವುದು ಅದೊಂದೇ ಪುಟ.