ಅಪ್ಪನ ಧೋತರ ಉಟ್ಟ ಪ್ರತಿಕೃತಿ

ಇದನ್ನು ನೀವು ನಂಬುವುದಿಲ್ಲ. ಬೇಕಾದರೆ ಇಳಕಲ್ಲಿಗೆ ಬಂದು ನಮ್ಮ ಓಣಿಯ ಯಾರನ್ನಾದರೂ ಕೇಳಿ. ಅವರು ನನಗಿಂತ ಹೆಚ್ಚು ಸೇರಿಸಿ ಹೇಳುತ್ತಾರೆ.

ಹೋದ ವರ್ಷ, ನಾನು ಪಿಯುಸಿ ಮೊದಲನೇ ವರ್ಷದಲ್ಲಿದ್ದಾಗ, ತಾಲ್ಲೂಕು ಕಚೇರಿ ಹುನಗುಂದದಿಂದ ಇಳಕಲ್ಲಿಗೆ ಬರಬೇಕೆಂದು ನಾವು ಹುಡುಗರು ಚಳವಳಿ ಹೂಡಿದೆವು. ಹೊಲದ ಒಂದು ಪಹಣಿ ಉತಾರಕ್ಕೂ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಹೋಗಬೇಕು ಎಂಬುದು ನಮ್ಮ ವಾದ. ನನ್ನ ಹೆಸರಿನಲ್ಲಿ ಒಂದು ಮಾರು ಹೊಲವೂ ಇಲ್ಲ, ಅದು ಬೇರೆ ಮಾತು. ಮನವಿ ಬರೆದವನು ನಾನೇ. ಏಳು ಕಲಮು. ಮೂರನೆಯದಂತೂ ನನ್ನ ಕೈಚಳಕ: ಕಚೇರಿ ಬರುವ ತನಕ ಇಳಕಲ್ಲಿನವರು ಹುನಗುಂದಕ್ಕೆ ಕಾಲಿಡಬಾರದು, ಅಲ್ಲಿಗೆ ಒಂದು ಸೀರೆ ಕಳಿಸಬಾರದು, ಅಲ್ಲಿಂದ ಹೆಣ್ಣು ತರಬಾರದು. ಅದನ್ನು ಓದಿದಾಗ ಬಿದ್ದ ಚಪ್ಪಾಳೆಗೆ ಪಕ್ಕದ ಮನೆಯ ನೇಕಾರನ ಲಾಳಿ ಕೈತಪ್ಪಿ ಓಣಿಗೆ ಹಾರಿಬಿತ್ತು.

ಆದರೆ ಮನವಿಗೆ ಒಬ್ಬರ ಸಹಿ ಬೇಕಿತ್ತು. ಇತಿಹಾಸ ಕಲಿಸುವ ನಮ್ಮ ಸರ್ ಪತ್ರಿಕೆಗೆ ಬರೆದ ಪತ್ರಗಳು ಅಚ್ಚಾಗುತ್ತಿದ್ದವು. ನಮ್ಮ ಊರಿನಿಂದ ಹೋದದ್ದರಲ್ಲಿ ದೊಡ್ಡ ಸಾಹೇಬರು ಓದುವುದು ಅವರ ಬರಹ ಮಾತ್ರ ಎಂದು ಎಲ್ಲರೂ ನಂಬಿದ್ದರು.

ಸರ್ ಮನವಿ ಓದಿ, "ಆರು ಕಲಮಿಗೆ ನನ್ನ ಒಪ್ಪಿಗಿ ಐತಿ. ಮೂರನೇದು ತಗೀರಿ, ಸಹಿ ಮಾಡ್ತೇನಿ" ಎಂದರು.

"ಅದನ್ನ ತಗದ್ರ ಉಳಿಯೂದೇನ್ರಿ ಸರ? ಬರೇ ಸಪ್ಪನ ಸಾರು," ಎಂದ ನಮ್ಮ ಮುಖಂಡ.

"ಸಪ್ಪನ ಸಾರಿಗೆ ಉಪ್ಪು ಹಾಕಬಹುದಪಾ. ಉಪ್ಪಾದ ಸಾರಿಗೆ ಏನ ಹಾಕ್ತಿ?"

ಇವರು ಎರಡೂ ಕಡೆಯವರು, ಅಂದರೆ ಯಾವ ಕಡೆಯವರೂ ಅಲ್ಲ ಎಂದು ತೀರ್ಮಾನವಾಯಿತು. ಸಂಜೆ ಐದರೊಳಗೆ ಸಹಿ ಬಾರದಿದ್ದರೆ ಅವರ ಪ್ರತಿಕೃತಿ ಸುಡುವುದು, ಮರುದಿನದಿಂದ ಅವರ ಪಾಠಕ್ಕೆ ಯಾರೂ ಕೂರದಿರುವುದು. ಅವರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಖಾಲಿ ಬೆಂಚುಗಳಿಗೆ ಪಾಠ ಹೇಳುವವರನ್ನು ಕಾಲೇಜು ಎಷ್ಟು ದಿನ ಇಟ್ಟುಕೊಂಡೀತು? ಇದು ನಮಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಬಸ್ ನಿಲ್ದಾಣದ ಎದುರು ಜೋಳದ ಒಣದಂಟಿನ ಕಣಕಿ ಕಟ್ಟಿ ನಿಲ್ಲಿಸಿದೆವು. ತಲೆಗೆ ಒಂದು ಗಡಿಗೆ. ಸರ್ ಧೋತರ ಉಡುವವರು. ಸುಡಲಿಕ್ಕೆ ಧೋತರ ಕೊಡುವ ದಾನಿ ಮಾತ್ರ ಸಿಗಲಿಲ್ಲ. ಲಗ್ನಕಾರ್ಯಗಳಿಗೆಂದು ಅಪ್ಪ ಟ್ರಂಕಿನಲ್ಲಿಟ್ಟಿದ್ದ ಜರಿಯಂಚಿನದನ್ನು ನಾನೇ ತಂದು ಉಡಿಸಿದೆ. ಇಷ್ಟು ತ್ಯಾಗ ಮಾಡಿದವರು ಬಾದಾಮಿಯಿಂದ ಇತ್ತ ಯಾರೂ ಇಲ್ಲ. ಸಾವಿರ ಜನ ಸೇರಿದ್ದರು. ಆಮೇಲೆ ಎಣಿಸಿದಾಗ ಇಪ್ಪತ್ಮೂರು. ಅವರಲ್ಲೂ ಕೆಲವರು ಬಸ್ಸಿಗೆ ಕಾಯುವವರು.

ಐದಕ್ಕೆ ಹತ್ತು ನಿಮಿಷವಿರುವಾಗ ಸರ್ ತಾವೇ ನಡೆದು ಬಂದರು. ಪ್ರತಿಕೃತಿಗೆ ಒಂದು ಸುತ್ತು ಹಾಕಿದರು.

"ಧೋತರ ನಂದಕ್ಕಿಂತ ಚಲೋ ಐತಿ. ಆದ್ರ ಇದು ನಾನ ಅಂತ ಮಂದಿಗೆ ಹೆಂಗ ತಿಳೀಬೇಕು?" ಎನ್ನುತ್ತ ತಮ್ಮ ಮೂಗಿನ ಮೇಲಿನ ಚಾಳೀಸು ತೆಗೆದುಕೊಟ್ಟರು. ಗಡಿಗೆಗೆ ಕಿವಿ ಎಲ್ಲಿಂದ ಬರಬೇಕು? ಮುಖಂಡ ಅದನ್ನು ನೂಲಿನಿಂದ ಕಟ್ಟಿದ.

"ಈಗ ನನಗ ಅಕ್ಷರ ಕಾಣೂದಿಲ್ಲ. ನೀನ ಓದಪಾ, ಎಲ್ಲಾರಿಗೂ ಕೇಳಂಗ. ಯಾಕ ಸುಡ್ತೀರಿ ಅಂತ ಮಂದಿಗೆ ತಿಳೀಬೇಕಲ್ಲ," ಎಂದು ನನಗೆ ಹೇಳಿದರು.

ಅಮೀನಗಡದ ತನಕ ಕೇಳುವಂತೆ ಓದಿದೆ. ಮೂರನೆಯ ಕಲಮಿಗೆ ಬಂದಾಗ ಈ ಸಲ ಚಪ್ಪಾಳೆ ಬೀಳಲಿಲ್ಲ.

ಬಸ್ಸಿಗೆ ಕಾಯುತ್ತಿದ್ದ ಮುದುಕರೊಬ್ಬರು, "ನಮ್ಮ ಹುಡುಗಿನ್ನ ಹುನಗುಂದಕ್ಕ ಕೊಟ್ಟೇವಿ. ಚೊಚ್ಚಲ ಬಸರಿ ಅದಾಳ. ಹೋಗಿ ಕರಕೊಂಡ ಬರೂದ ಬ್ಯಾಡೇನ?" ಎಂದರು.

"ಈ ಮುಖಂಡಗ ಸೋದರಮಾವನ ಮಗಳನ್ನ ಗೊತ್ತ ಮಾಡ್ಯಾರಲ್ಲ, ಆಕಿ ಯಾವೂರಾಕಿ ಲೇ?" ಎಂದು ನಮ್ಮ ಹುಡುಗರಲ್ಲೇ ಒಬ್ಬ ಕೇಳಿದ.

ಮುಖಂಡ ಕೆಂಪಾದ. "ಅದಕ್ಕ... ಅದಕ್ಕ ರಿಯಾಯಿತಿ ಐತಿ."

"ಯಾವ ಕಲಮಿನ್ಯಾಗ?" ಎಂದರು ಸರ್.

ನಾನು ಹಿಂದೆ ಸರಿಯುವವನಲ್ಲ. "ಬೀಗತನಕ್ಕಿಂತ ಊರು ದೊಡ್ಡದು!" ಎಂದು ಕೂಗಿ ಕಡ್ಡಿ ಗೀರಿದೆ.

ಅಷ್ಟರಲ್ಲಿ ಗುಂಪು ಎರಡಾಗಿ ಸರಿಯಿತು. ನಡುವೆ ನಮ್ಮ ಅವ್ವ, ಕಂಕುಳಲ್ಲಿ ಬುತ್ತಿಗಂಟು. ತನ್ನ ತಮ್ಮನ ಕೂಸಿನ ಹೆಸರಿಡುವ ಕಾರ್ಯಕ್ಕೆ ಹುನಗುಂದಕ್ಕೆ ಹೊರಟಿದ್ದಳು. ಅದು ಅವಳ ತವರು. ಕಲಮು ಬರೆಯುವಾಗ ಇದು ನನಗೆ ನೆನಪೇ ಇರಲಿಲ್ಲ. ಇದನ್ನೂ ನೀವು ನಂಬುವುದಿಲ್ಲ.

ಎಷ್ಟು ಹೊತ್ತಿನಿಂದ ನಿಂತು ಕೇಳುತ್ತಿದ್ದಳೋ. ಬಂದವಳೇ ಕಡ್ಡಿ ಊದಿ ಆರಿಸಿ, ಜರಿಯಂಚು ಹಿಡಿದಳು.

"ಅಲ್ಲಿ ನಿಮ್ಮಪ್ಪಾರು ಟ್ರಂಕ್ ತಳ ಕಾಣೂ ತನಕ ಹುಡುಕಾಕತ್ತಾರ. ಇಲ್ಲಿ ಇದು ಉಟಗೊಂಡ ನಿಂತೈತಿ!"

ಒಂದೇ ಜಗ್ಗಿಗೆ ಧೋತರ ಬಿಚ್ಚಿತು. ಕಣಕಿ ನೆಲಕ್ಕೆ ಹರಡಿತು, ಗಡಿಗೆ ಅವ್ವನ ಕೈಗೆ ಬಂತು. ನೂಲು ಹರಿದು ಚಾಳೀಸು ತೆಗೆದು, ಸೆರಗಿನಿಂದ ಒರೆಸಿ ಸರ್ ಕೈಗೆ ಕೊಟ್ಟಳು.

"ತಗೋರಿ ಸರ. ಇವ ಮೂರನೇದು ಹೊಡದ ಹಾಕ್ತಾನ, ನೀವು ಸಹಿ ಮಾಡ್ರಿ." ಆಮೇಲೆ ನನ್ನ ಕಡೆ ತಿರುಗಿದಳು. "ಹೊಡಿ."

ಗೆರೆ ಹೊಡೆದೆ. ಸರ್ ನನ್ನ ಬೆನ್ನನ್ನೇ ಮೇಜು ಮಾಡಿಕೊಂಡು, ಆರೂ ಕಲಮನ್ನು ಮತ್ತೊಮ್ಮೆ ನಿಧಾನವಾಗಿ ಓದಿ, ಸಹಿ ಹಾಕಿದರು. ನಾನು ಇನ್ನೂ ಬಗ್ಗಿಕೊಂಡೇ ಇದ್ದೆ. ಅದೇ ಬೆನ್ನಿನ ಮೇಲೆ ಅವ್ವ ಬುತ್ತಿಗಂಟು ಹೇರಿದಳು.

"ನಡಿ ಇನ್ನ. ಹುನಗುಂದ ಬಸ್ ಬಂತು."