ಕಾಕಾನ ಎಡಗೈ

ವಸಂತ ಕಾಕಾನ ಎಡಗೈ ಸುಮ್ಮನಿದ್ದದ್ದನ್ನು ನಾನು ಬಾಲ್ಯದಲ್ಲಿ ಕಂಡೇ ಇಲ್ಲ. ಊಟದ ತಾಟು, ಹಿಟ್ಟಿನ ಡಬ್ಬಿ, ಬಸ್ಸಿನ ಸೀಟು, ಎಲ್ಲವೂ ಅವನಿಗೆ ತಬಲಾ. ನಮ್ಮಪ್ಪನ ತಮ್ಮ, ಇಂಡಿ ಊರಿನ ಶಾಲೆಯಲ್ಲಿ ಗಣಿತದ ಮಾಸ್ತರ. ಶನಿವಾರ ಹನುಮಪ್ಪನ ಗುಡಿಯ ಭಜನೆಗೆ ಅವನದೇ ತಬಲಾ ಠೇಕಾ.

"ಬಲಗೈ ಮಾತಾಡ್ತದ, ಎಡಗೈ ಉಸಿರಾಡ್ತದ" ಎನ್ನುತ್ತಿದ್ದ. ಮಣಿಕಟ್ಟನ್ನು ಎಡಗೈ ನುಡಿಸುವ ಡಗ್ಗಾದ ಮೇಲೆ ಒತ್ತಿ ಸರಿಸಿದರೆ ಆ ತೊಗಲು ನಿಜಕ್ಕೂ ನಿಟ್ಟುಸಿರು ಬಿಡುತ್ತಿತ್ತು. ಒಮ್ಮೆ ಬಸ್ಸಿನಲ್ಲಿ ಅವನ ಬಡಿತಕ್ಕೆ ಬೈಯಲೆಂದು ತಿರುಗಿದ ಹಿರಿಯರೊಬ್ಬರು, ತಮ್ಮೂರು ಸಾಲೋಟಗಿ ಬಂದರೂ ಇಳಿಯದೆ ಕೇಳುತ್ತ ಕೂತಿದ್ದರು.

ನಿವೃತ್ತನಾದ ವರ್ಷ ಲಿಂಬಿ ತೋಟದ ಕೆಸರಿನಲ್ಲಿ ಜಾರಿ, ಎಡಗೈ ಊರಿ ಬಿದ್ದ. ಹೆಬ್ಬೆರಳಿನ ಬುಡ ಬಾತುಕೊಂಡಿತು. ಮುಟ್ಟಿದರೆ ಮುಖ ಕಿವುಚುತ್ತಿದ್ದ.

"ರೀ, ದವಾಖಾನಿಗೆ ಹೋಗಿ ಎಕ್ಸ್‌ರೇ ತಗಸ್ರಿ" ಎಂದಳು ಅವನ ಹೆಂಡತಿ, ನಮ್ಮ ಕಾಕು.

"ಏನಾಗ್ಯದಂತ? ಬೆರಳೆಲ್ಲಾ ಆಡ್ಲಿಕ್ಕತ್ತಾವ ನೋಡು. ಎಲುಬು ಮುರಿದಿದ್ರ ಆಡ್ತಿದ್ವೇನು?"

ಅರಿಷಿಣ ಬಿಸಿ ಮಾಡಿ ಹಚ್ಚಿದರು. ಬಾವು ಇಳಿದಾಗ ಗೆದ್ದವನಂತೆ ನಕ್ಕ. ನೋವು ಮಾತ್ರ ಒಳಗೇ ಕೂತಿತು. ಹಲ್ಲು ಕಚ್ಚಿ ಭಜನೆಗೆ ನುಡಿಸುತ್ತ ಎರಡು ವರ್ಷ ತಳ್ಳಿದ. ಚಹಾದ ಕಪ್ಪೂ ಕೈಯಲ್ಲಿ ನಿಲ್ಲದಾದಾಗ ನಾನೇ ವಿಜಯಪುರಕ್ಕೆ ಕರೆದೊಯ್ದೆ.

"ಮಣಿಕಟ್ಟಿನ್ಯಾಗ ಗೋಡಂಬಿಯಷ್ಟು ಸಣ್ಣ ಎಲುಬು ಐತ್ರಿ" ಎಂದರು ಡಾಕ್ಟರು. "ಅದು ಮುರಿದ್ರೂ ಬೆರಳು ಆಡ್ತಾವ. ಹೆಬ್ಬೆರಳಿನ ಬುಡಕ್ಕ ಒತ್ತಿದ್ರ ನೋವು ಅಂದ್ರ ಅವತ್ತೇ ಬರಬೇಕಿತ್ರಿ. ಪ್ಲಾಸ್ಟರ್ ಹಾಕಿದ್ರ ಕೂಡ್ತಿತ್ತೇನೊ. ಈಗ ರಕ್ತ ಸಿಗದ ಅರ್ಧ ಎಲುಬು ಸತ್ತೈತಿ. ಕೀಲೂ ಸವೆಯಾಕತ್ತೈತಿ."

"ಆಪರೇಷನ್ ಮಾಡಿದ್ರ?" ಎಂದೆ.

"ನೋವು ಕಡಿಮಿ ಆಗಬಹುದ್ರಿ. ಮಣಿಕಟ್ಟು ಮೊದಲಿನಂಗ ಬಾಗಂಗಿಲ್ಲ."

ದಾರಿಯಲ್ಲಿ ಕಾಕಾ ಆಡಿದ್ದು ಒಂದೇ ಮಾತು: "ಬಾರ್ಸಲಿಕ್ಕೆ ಬರದ ಕೈ ಯಾಕ ಕೊಯ್ಸಲಿ?" ಮರುದಿನ ತಬಲಾ-ಡಗ್ಗಾ ಎರಡನ್ನೂ ಗುಡಿಗೆ ಕೊಟ್ಟುಬಿಟ್ಟ. ನುಡಿಸುವವರಿಲ್ಲದೆ ಅವು ಮೂಲೆ ಸೇರಿದವು. ಭಜನೆಯವರು ತಾಳ ಹಾಕುವ ಮಷೀನು ತಂದರು. ಒಂದು ಶನಿವಾರ ಹೋಗಿ ಕೇಳಿ ಬಂದ, ಮತ್ತೆ ಹೋಗಲಿಲ್ಲ.

ನಾನು ಅವನನ್ನು ಕೊನೆಗೆ ಕಂಡದ್ದು ಹೋದ ಬೇಸಿಗೆಯಲ್ಲಿ. ಮಳೆ ಬೀಳುವ ಹೊತ್ತಿಗೆ ಅವನಿರಲಿಲ್ಲ. ಬೇಸಿಗೆಯ ಆ ಸಂಜೆ ಇಬ್ಬರೂ ಪಡಸಾಲೆಯಲ್ಲಿ ಕೂತಿದ್ದೆವು. ಸೆಕೆಗೆ ಅಂಗಿ ಬೆನ್ನಿಗೆ ಅಂಟಿತ್ತು. ಗುಡಿಯ ಕಡೆಯಿಂದ ಭಜನೆ, ಅದರ ಜೊತೆ ಮಷೀನಿನ ತಾಳ ಕೇಳತೊಡಗಿತು.

"ಆ ಖಿಡಕಿ ಹಾಕು" ಎಂದ ಕಾಕಾ. "ಗಾಳಿ ಭಾಳ ಬರ್ಲಿಕ್ಕತ್ತದ."

ಹೊರಗೆ ಬೇವಿನ ಒಂದೆಲೆಯೂ ಅಲುಗುತ್ತಿರಲಿಲ್ಲ. ನಾನು ಎದ್ದು ಕಿಟಕಿ ಹಾಕಿದೆ.