ಹದಿನೇಳರ ಕೊನೆ ಸ್ಟಾಪು

ಸಾರಿಗೆ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ‘ನಿಮಿಷದ ಮೇಡಂ’ ಎಂದು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳಿಗೂ ಅದರಲ್ಲೇನೂ ಬೇಸರವಿಲ್ಲ. ನಗರ ಹೊಟ್ಟೆ ಬಿರಿದು ಹೊರಕ್ಕೆ ಚೆಲ್ಲಿಕೊಂಡ ಬಡಾವಣೆಗಳಿಗೆಲ್ಲ ಯಾವ ಬಸ್ಸು, ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ಹೋಗಬೇಕು ಎಂದು ಗೊತ್ತುಮಾಡುವುದು ಅವಳ ಕೆಲಸ. ಹತ್ತೊಂಬತ್ತು ವರ್ಷ ಅದನ್ನೇ ಮಾಡಿ ಮಾಡಿ ಈಗ ದೂರ ಅನ್ನುವುದು ಅವಳಿಗೆ ಕಿಲೋಮೀಟರಿನಲ್ಲಿ ಕಾಣುವುದೇ ಇಲ್ಲ. ಮನೆಯಲ್ಲೂ ಅದೇ ಚಾಳಿ. “ಊಟಕ್ಕೆ ಬರ್ಲಾ?” ಎಂದು ಗಂಡ ಕೇಳಿದರೆ “ನಾಲ್ಕು ನಿಮಿಷ” ಅನ್ನುತ್ತಾಳೆ, ನಾಲ್ಕನೇ ನಿಮಿಷಕ್ಕೆ ತಟ್ಟೆ ಮೇಜಿನ ಮೇಲೆ ಬಂದು ಕೂತಿರುತ್ತದೆ. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು, ಅಳತೆ ಕೆಟ್ಟರೆ ಕೆಲಸ ಕೆಟ್ಟಿತು ಅನ್ನುವ ಜಾತಿಯವನೇ. ಹಾಗಾಗಿ ಸಂಸಾರ ಸಲೀಸಾಗಿ ನಡೆದಿದೆ. ಮಗಳು ಮಾತ್ರ ಆಗಾಗ ಕಾಲೆಳೆಯುತ್ತಾಳೆ: “ಅಮ್ಮ, ಇವತ್ತಿನ ಸಿಟ್ಟು ಎಷ್ಟು ನಿಮಿಷದ್ದು?”

ಅವಳ ಕೋಣೆಯ ಗೋಡೆ ತುಂಬ ನಕ್ಷೆ. ನಕ್ಷೆ ಬರೆದ ಪುಣ್ಯಾತ್ಮರಿಗೆ ಏರು ಗೊತ್ತಿಲ್ಲ, ಬಿಸಿಲು ಗೊತ್ತಿಲ್ಲ, ನಡುವೆ ಅಡ್ಡ ನಿಂತ ಕಾಂಪೌಂಡ್ ಗೋಡೆಯಂತೂ ಮೊದಲೇ ಗೊತ್ತಿಲ್ಲ. ಅದಕ್ಕೇ ಅವಳು ನಕ್ಷೆಯನ್ನು ಅರ್ಧ ನಂಬಿ, ಉಳಿದರ್ಧವನ್ನು ನಡೆದು ನೋಡುತ್ತಾಳೆ. ಆರು ತಿಂಗಳಿಗೊಂದು ಜೊತೆ ಬೂಟು ಸವೆಯುತ್ತದೆ. ಬಸ್ಸುಗಳ ಓಟದ ಸಮಯ ಅಳೆಯುವುದೂ ಅವಳೇ. ಅವಳು ಹತ್ತಿದ್ದು ಕಂಡರೆ ಸಾಕು, ಡ್ರೈವರುಗಳು ಮೊಟ್ಟೆ ಬುಟ್ಟಿ ಹೊತ್ತವರ ಹಾಗೆ ಓಡಿಸತೊಡಗುತ್ತಾರೆ. ಟ್ರಿಪ್ಪಿಗೆ ಎರಡು ನಿಮಿಷ ಜಾಸ್ತಿ ಬರೆದುಕೊಳ್ಳಲಿ ಅಂತ. ಅವಳೇನು ಕಡಿಮೆಯೇ? ತಲೆಗೆ ಸ್ಕಾರ್ಫ್ ಸುತ್ತಿ, ಹಿಂದಿನ ಬಾಗಿಲಿಂದ ಹತ್ತಿ, ಕೊನೆಯ ಸೀಟಿನಲ್ಲಿ ತೂಕಡಿಸುವವಳ ಹಾಗೆ ಕೂತು ಗಡಿಯಾರ ನೋಡಿಕೊಳ್ಳುತ್ತಾಳೆ. ಈಗ ಸ್ಕಾರ್ಫ್ ಸುತ್ತಿದ ಯಾವ ಹೆಂಗಸು ಹತ್ತಿದರೂ ಬಸ್ಸು ನಿಧಾನವಾಗುತ್ತದೆ ಎಂದು ಪ್ರಯಾಣಿಕರು ದೂರು ಕೊಟ್ಟಿದ್ದಾರೆ.

ಇಂಥವಳು ತನ್ನ ಕೈಯಾರೆ ಎಳೆದ ಮೊದಲ ದಾರಿ ಹದಿನೇಳನೇ ನಂಬರಿನದು. ಪೇಟೆಯಿಂದ ಹೊರಟು, ದೊಡ್ಡಾಸ್ಪತ್ರೆಯ ಗೇಟು ದಾಟಿ, ಗುಡ್ಡ ಹತ್ತಿ, ಮೇಲಿನ ಬಡಾವಣೆಯ ನೀರಿನ ಟ್ಯಾಂಕಿನ ಬುಡದಲ್ಲಿ ತಿರುಗಿ ನಿಲ್ಲುತ್ತದೆ. ಗುಡ್ಡದ ಮೇಲಿನವರು ಹೆಚ್ಚಿನವರು ಆಸ್ಪತ್ರೆಯಲ್ಲೇ ದುಡಿಯುವವರು: ಬಟ್ಟೆ ಒಗೆಯುವವರು, ನೆಲ ಒರೆಸುವವರು, ವಾರ್ಡಿನಲ್ಲಿ ಹಾಸಿಗೆ ಸರಿಮಾಡುವವರು. ಇಡೀ ದಿನ ನಿಂತು ದುಡಿದ ಕಾಲುಗಳಿಗೆ ಬಸ್ಸಿನಲ್ಲಿ ಹನ್ನೊಂದು ನಿಮಿಷ ಕೂರಲು ಸಿಗುತ್ತದಲ್ಲ, ಅದನ್ನು ನೆನೆದರೆ ಅವಳಿಗೆ ಈಗಲೂ ಎದೆ ಉಬ್ಬುತ್ತದೆ.

ಆ ಹದಿನೇಳಕ್ಕೇ ಈಗ ಸಂಚಕಾರ ಬಂದಿತ್ತು. ಕಾರಣ ಕೇಳಿದರೆ ನಗು ಬರಬೇಕು. ಟ್ಯಾಂಕಿನ ಪಕ್ಕದಲ್ಲೊಂದು ಪುಟ್ಟ ವಾಚನಾಲಯವಿತ್ತು, ಅದರ ಶೌಚಾಲಯವನ್ನು ಡ್ರೈವರುಗಳು ಬಳಸುತ್ತಿದ್ದರು. ಓದುವವರು ಬರುತ್ತಿಲ್ಲವೆಂದು ಹೋದ ತಿಂಗಳು ಅದಕ್ಕೆ ಬೀಗ ಬಿತ್ತು. ಮೂರು ವಾರ ಹೇಗೋ ಸುಧಾರಿಸಿದರು. ಆಮೇಲೆ ಹದಿನೇಳರ ಡ್ರೈವರಮ್ಮ ಡಿಪೋಕ್ಕೆ ಬಂದು ಎಲ್ಲರೆದುರಿಗೆ ಕೇಳಿದಳು: “ಗಂಡಸ್ರು ಮರದ ಹಿಂದೆ ಹೋಗ್ತಾರೆ. ನಾನೆಲ್ಲಿಗೆ ಹೋಗ್ಲಿ? ಬೆಳಿಗ್ಗೆಯಿಂದ ನೀರೇ ಕುಡೀದೆ ಬಸ್ ಓಡಿಸ್ತಿದ್ದೀನಿ.” ಮಾರನೇ ದಿನವೇ ಯೂನಿಯನ್ನಿನ ಪತ್ರ ಬಂತು. ಕೊನೆ ಸ್ಟಾಪಿನಿಂದ ನೂರು ಮೀಟರಿನೊಳಗೆ ಶೌಚಾಲಯ ಬೇಕು. ಶುಕ್ರವಾರದೊಳಗೆ ಆಗದಿದ್ದರೆ ಸೋಮವಾರದಿಂದ ಬಸ್ಸು ಗುಡ್ಡ ಹತ್ತುವುದಿಲ್ಲ, ಆಸ್ಪತ್ರೆಯ ಗೇಟಿನಲ್ಲೇ ತಿರುಗುತ್ತದೆ.

ಅವಳ ಮೇಲಧಿಕಾರಿಗೆ ಇದು ತಲೆನೋವಾಗಿ ಕಾಣಲೇ ಇಲ್ಲ. “ಅಲ್ಲೇ ತಿರುಗಿಸಿಬಿಡಿ ಮೇಡಂ. ಹೊಸದಾಗಿ ಕಟ್ಟಿಸ್ಬೇಕು ಅಂದ್ರೆ ಮಂಜೂರಾತಿಗೆ ನಾಲ್ಕು ತಿಂಗಳು. ನಕ್ಷೆಲಿ ನೋಡಿ, ಎರಡು ಬೆರಳು ದೂರ.”

“ನಲವತ್ತೊಂದು ನಿಮಿಷ ಸರ್. ಏರಲ್ಲಿ, ಚೀಲ ಹಿಡ್ಕೊಂಡು.”

“ಹಾಗಾದ್ರೆ ಯಾರದಾದ್ರೂ ಮನೆಯವರನ್ನ ಒಪ್ಪಿಸಿ. ಬಾಡಿಗೆ ಕೊಡೋಣ, ಕ್ಲೀನ್ ಮಾಡೋಕೆ ನಮ್ಮೋರನ್ನೇ ಕಳಿಸೋಣ. ಶುಕ್ರವಾರ ಬೆಳಿಗ್ಗೆ ಒಪ್ಪಿಗೆ ಪತ್ರ ನನ್ನ ಟೇಬಲ್ ಮೇಲಿರ್ಲಿ.”

ಬೀಗ ಬಿದ್ದ ವಾಚನಾಲಯ ಬಿಟ್ಟರೆ ಟ್ಯಾಂಕಿನಿಂದ ನೂರು ಮೀಟರಿನೊಳಗೆ ಇರುವುದು ಎಂಟೇ ಕಟ್ಟಡ. ಗುರುವಾರ ಬೆಳಿಗ್ಗೆ ಅವಳು ಅರ್ಜಿಗಳ ಕಟ್ಟು ಚೀಲಕ್ಕೆ ಹಾಕಿಕೊಂಡು ಹೊರಟಾಗ ಪಟ್ಟಿಯಲ್ಲಿ ಇದ್ದದ್ದು ಏಳು. ಎಂಟನೆಯದು ಹೊಲಿಗೆ ಅಂಗಡಿ. ಅದರ ಹಿತ್ತಿಲಲ್ಲಿ, ಹೊಲಿಯಲು ಬರುವ ಹೆಂಗಸರಿಗೆಂದೇ ಕಟ್ಟಿಸಿದ, ಹೊರಗಿನಿಂದಲೇ ಬಾಗಿಲಿರುವ ಚೊಕ್ಕ ಶೌಚಾಲಯವಿದೆ. ಅಂಗಡಿ ಅವಳ ಸ್ವಂತ ಅಕ್ಕನದು. ಅಕ್ಕತಂಗಿಯರು ಮಾತು ಬಿಟ್ಟು ಆರು ವರ್ಷ.

ಜಗಳ ಹುಟ್ಟಿದ್ದೂ ಈ ಸ್ಟಾಪಿನಿಂದಲೇ. ಮೊದಲು ಬಸ್ಸು ನಿಲ್ಲುತ್ತಿದ್ದದ್ದು ಅಕ್ಕನ ಅಂಗಡಿಯ ಬಾಗಿಲಿಗೇ, ಇಳಿದವರೆಲ್ಲ ಅವಳ ಗಿರಾಕಿಗಳು. ಅಲ್ಲಿ ತಿರುಗಲು ಹಿಂದಕ್ಕೆ ತೆಗೆಯಬೇಕಿತ್ತು. ಒಂದು ಸಂಜೆ ಸೈಕಲ್ ಮೇಲಿದ್ದ ಹುಡುಗನೊಬ್ಬ ಹಿಂದಿನ ಚಕ್ರದಿಂದ ಕೂದಲೆಳೆಯಷ್ಟರಲ್ಲಿ ತಪ್ಪಿಸಿಕೊಂಡ. ನಿಮಿಷದ ಮೇಡಂ ವಾರದೊಳಗೆ ಸ್ಟಾಪನ್ನು ಅರವತ್ತು ಹೆಜ್ಜೆ ಮುಂದಕ್ಕೆ, ಟ್ಯಾಂಕಿನ ಬಳಿಗೆ ಸಾಗಿಸಿದಳು. ಬಡಾವಣೆಯ ಕಂಬಕಂಬಕ್ಕೂ ನೋಟಿಸು ಅಂಟಿಸಿದಳು. ಅಕ್ಕನಿಗೆ ಮಾತ್ರ ಹೇಳಲಿಲ್ಲ. ಕೂಲಿಯವರು ಬಂದು ಸ್ಟಾಪಿನ ಕಂಬ ಕೀಳುವಾಗಲೇ ಅಕ್ಕನಿಗೆ ವಿಷಯ ತಿಳಿದದ್ದು. ಅಂದಿನಿಂದ ಯಾರಾದರೂ ಕೇಳಿದರೆ ಅಕ್ಕ ಸೂಜಿಗೆ ದಾರ ಪೋಣಿಸುತ್ತ “ನನಗ್ಯಾರೂ ತಂಗಿ ಇಲ್ಲ” ಅನ್ನುತ್ತಿದ್ದಳಂತೆ. ಆ ಮಾತು ಬಸ್ಸು ಹತ್ತಿ ಪೇಟೆಗೂ ಬಂದು ತಂಗಿಯ ಕಿವಿಗೆ ಬಿದ್ದಿತ್ತು.

ಮೊದಲ ಮನೆ ನಿವೃತ್ತ ಹೆಡ್ಮಾಸ್ತರರದು. ಬಸ್ಸಿನ ಅಗತ್ಯದ ಬಗ್ಗೆ ಅವರು ಹದಿನಾಲ್ಕು ನಿಮಿಷ ಭಾಷಣ ಮಾಡಿದರು, ಟೀ ಕುಡಿಸಿದರು, ಶೌಚಾಲಯದ ಮಾತು ಬಂದಾಗ ಕಿಟಕಿಯಾಚೆ ನೋಡಿದರು. “ನಮ್ಮಲ್ಲಿ ಟೈಲ್ಸ್ ಕೆಲ್ಸ ನಡೀತಿದೆ ನೋಡಿ.” ಟೈಲ್ಸಿನ ಒಂದು ಚೂರೂ ಅಂಗಳದಲ್ಲಿ ಇರಲಿಲ್ಲ. ಎರಡನೇ ಮನೆಯಾಕೆ “ಬಸ್ ನಿಂತ್ರೆ ನಾವು ಸತ್ತ ಹಾಗೇ” ಎಂದು ಕೈ ಹಿಡಿದುಕೊಂಡಳು. ಆದರೆ ಅತ್ತೆಗೆ ಆಗಿಬರುವುದಿಲ್ಲವಂತೆ. ಬೇಕರಿಯವನಂತೂ ಧಾರಾಳಿ. “ಡ್ರೈವರುಗಳಿಗೆ ದಿನಾ ಫ್ರೀ ಟೀ ಕೊಡ್ತೀನಿ ಮೇಡಂ, ಬರ್ಕೊಳ್ಳಿ!”

“ಟೀ ಕುಡಿದ್ಮೇಲೆ ಅದೂ ಬೇಕಾಗುತ್ತಲ್ಲಪ್ಪ?”

“ಅದೊಂದು ಕೇಳ್ಬೇಡಿ” ಎಂದು ಅವನು ಅವಳ ಕೈಗೂ ಒಂದು ಲೋಟ ಟೀ ಕೊಟ್ಟ.

ಹೀಗೆ ಏಳು ಬಾಗಿಲು ಮುಗಿಯುವಷ್ಟರಲ್ಲಿ ಗಂಟೆ ಒಂದೂವರೆ. ಎಲ್ಲರಿಗೂ ಬಸ್ಸು ಬೇಕು, ಬಸ್ಸು ಓಡಿಸುವವರಿಗೆ ಹೊಟ್ಟೆಯ ಕೆಳಗೊಂದು ಚೀಲ ಇದೆ ಅನ್ನುವುದು ಯಾರಿಗೂ ಬೇಡ. ಅವಳ ಹೊಟ್ಟೆಯಲ್ಲೋ, ನಾಲ್ಕು ಲೋಟ ಟೀ, ಎರಡು ಲೋಟ ನೀರು. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟವಳು. ಡ್ರೈವರುಗಳಿಗೆ ಇಲ್ಲ ಅಂದವರ ಮನೆಯಲ್ಲಿ ತನಗೆ ಅಂತ ಯಾವ ಬಾಯಲ್ಲಿ ಕೇಳುವುದು? ಟ್ಯಾಂಕಿನ ಕಟ್ಟೆಯ ಮೇಲೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಕೊನೆ ಸ್ಟಾಪಿನಲ್ಲಿ ಎಂಟು ನಿಮಿಷ ವಿರಾಮ ಎಂದು ಹದಿನೆಂಟು ವರ್ಷದ ಹಿಂದೆ ಬರೆದವಳು ಅವಳೇ. ಆ ಎಂಟು ನಿಮಿಷದಲ್ಲಿ ಡ್ರೈವರು ಎಲ್ಲಿಗೆ ಹೋಗುತ್ತಾನೆ, ಎಲ್ಲಿಗೆ ಹೋಗುತ್ತಾಳೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಅವಳಿಗೆ ನಿಜಕ್ಕೂ ನಾಚಿಕೆಯಾಯಿತು.

ಅರವತ್ತು ಹೆಜ್ಜೆಯನ್ನು ಎಣಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಹೋಗಿ ಹೊಲಿಗೆ ಅಂಗಡಿಯ ಹೊಸ್ತಿಲ ಮೇಲೆ ನಿಂತಳು.

ಒಳಗೆ ಅಕ್ಕ, ಕೊರಳಲ್ಲಿ ಅಳತೆ ಟೇಪು, ಮಿಶನ್ ತುಳಿಯುತ್ತಿದ್ದಳು. ತಲೆ ಎತ್ತಲಿಲ್ಲ. ಕೂದಲು ಮುಕ್ಕಾಲು ಪಾಲು ಬೆಳ್ಳಗಾಗಿತ್ತು. ಅದನ್ನು ಯಾರೂ ತಂಗಿಗೆ ಹೇಳಿರಲಿಲ್ಲ.

“ಏಳು ಮನೆ ಆದ್ಮೇಲೆ ನನ್ನ ನೆನಪಾಯ್ತು” ಎಂದಳು ಅಕ್ಕ, ಮಿಶನ್ನಿಗೆ ಹೇಳುವಂತೆ. “ಕಿಟಕಿಯಿಂದ ಎಲ್ಲಾ ನೋಡ್ತಿದ್ದೆ. ಹೆಡ್ಮಾಸ್ತರ ಮನೆಲೇ ಕಾಲು ಗಂಟೆ.”

“ಅಕ್ಕ, ಆಫೀಸ್ ಕೆಲ್ಸದ ಮೇಲೆ...”

“ಗೊತ್ತು. ಬಡಾವಣೆಗೆಲ್ಲ ಗೊತ್ತು.” ಅಕ್ಕ ಆಗ ತಲೆ ಎತ್ತಿದಳು. ತಂಗಿಯ ಮುಖ ನೋಡಿದಳು, ಆಮೇಲೆ ಕಾಲು ನೋಡಿದಳು. ಒಂದು ಪಾದದ ಮೇಲೆ ಇನ್ನೊಂದು ಪಾದ ಒತ್ತಿಕೊಂಡು ತಂಗಿ ಕೊಕ್ಕರೆಯ ಹಾಗೆ ನಿಂತಿದ್ದಳು. ಮಿಶನ್ ನಿಂತಿತು. “ಅಯ್ಯೋ ನಿನ್ನ! ಸ್ಕೂಲಲ್ಲೂ ಹಿಂಗೇ ನಿಲ್ತಿದ್ದೆ, ಟೀಚರನ್ನ ಕೇಳೋಕೆ ನಾಚ್ಕೊಂಡು. ನಾನು ದೊಡ್ಡ ಕ್ಲಾಸಿಂದ ಎದ್ದು ಬಂದು ಕೇಳ್ಬೇಕಿತ್ತು. ಹೋಗು, ಹೋಗು! ಹಿಂದ್ಗಡೆ ಬಾಗಿಲು ತೆಗ್ದೇ ಇದೆ. ಮಾತು ಆಮೇಲೆ.”

ಸಾರಿಗೆ ಕಚೇರಿಯ ಹಿರಿಯ ಮಾರ್ಗ ಯೋಜಕಿ ಚೀಲ ಅಲ್ಲೇ ಬಿಸಾಕಿ ಓಡಿದಳು.

ವಾಪಸ್ಸು ಬಂದಾಗ ಜೀವ ಬಂದಂತಾಗಿತ್ತು, ಜೊತೆಗೆ ಧೈರ್ಯವೂ. ಗ್ರಾಹಕರ ಸ್ಟೂಲಿನ ಮೇಲೆ ಕೂತು ನೇರವಾಗಿ ಹೇಳಿಬಿಟ್ಟಳು. “ತಪ್ಪಾಯ್ತು ಅಕ್ಕ. ಸ್ಟಾಪ್ ತೆಗೆದದ್ದಲ್ಲ, ನಿನಗೆ ಹೇಳ್ದೆ ತೆಗೆದದ್ದು.”

“ಸ್ಟಾಪ್ ತೆಗೆದದ್ದು ಸರಿನೇ. ಆ ಸೈಕಲ್ ಹುಡುಗನ್ನ ನಾನೂ ನೋಡಿದ್ದೆ, ಮೂರು ದಿನ ನಿದ್ದೆ ಬರ್ಲಿಲ್ಲ.”

“ಹೇಳಿದ್ರೆ ನೀನು ಬೇಡ ಅಂತಿದ್ದೆ. ನೀನು ಬೇಡ ಅಂದ್ರೆ ನನ್ನ ಕೈಲಿ ಆಗ್ತಿರ್ಲಿಲ್ಲ.”

“ಅಂತಿದ್ದೆ. ಯಾಕನ್ಬಾರ್ದು? ಎರಡು ದಿನ ಜಗಳ ಆಡ್ತಿದ್ದೆ. ಮೂರನೇ ದಿನ ನಾನೇ ಸರಿ ಬಿಡು ಅಂತಿದ್ದೆ.” ಅಕ್ಕನ ದನಿ ಅಲ್ಲಿ ಸ್ವಲ್ಪ ಒಡೆಯಿತು. “ಎರಡು ದಿನ ಉಳಿಸೋಕೆ ಹೋಗಿ ಆರು ವರ್ಷ ಕಳೆದೆಯಲ್ಲೇ. ದೊಡ್ಡ ಲೆಕ್ಕದವಳು!”

ನಿಮಿಷದ ಮೇಡಂ ಕಣ್ಣಲ್ಲಿ ನೀರಿತ್ತು. ಅಕ್ಕ ಕತ್ತರಿಸಿ ಉಳಿದ ಬಟ್ಟೆಯ ತುಂಡೊಂದನ್ನು ಅವಳ ಮಡಿಲಿಗೆ ಎಸೆದು, ತಾನೂ ಒಂದು ತುಂಡು ತೆಗೆದುಕೊಂಡಳು. ಇಬ್ಬರೂ ಸ್ವಲ್ಪ ಹೊತ್ತು ಮೂಗು ಒರೆಸಿಕೊಂಡರು.

ಆಮೇಲೆ ಅಕ್ಕ ಷರತ್ತು ಹಾಕಿದಳು. ಬೂಟಿನ ಕೆಸರು ಹೊರಗೇ ಬಿಡಬೇಕು. ಸೋಪು ಮುಗಿದರೆ ಹೇಳಬೇಕು, ನೀರು ಬೆರೆಸಿ ಇಡಬಾರದು. ಆ ಡ್ರೈವರಮ್ಮ ಇನ್ನೊಂದು ದಿನ ನೀರು ಕುಡಿಯದೆ ಬಸ್ಸು ಓಡಿಸಿದ್ದು ಗೊತ್ತಾದರೆ ತಾನು ಯೂನಿಯನ್ನಿಗಿಂತ ಜೋರಾಗಿ ಗಲಾಟೆ ಮಾಡುವವಳೇ. ತಂಗಿ ಎಲ್ಲದಕ್ಕೂ ತಲೆಯಾಡಿಸುತ್ತ ಅರ್ಜಿ ತೆಗೆದುಕೊಟ್ಟಳು. ಅಕ್ಕ ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿ ತುಂಬತೊಡಗಿದಳು. ಕೊನೆಯಿಂದ ಎರಡನೇ ಸಾಲಿಗೆ ಬಂದು ಪೆನ್ನು ನಿಂತಿತು. ‘ಕಟ್ಟಡದ ಮಾಲೀಕರಿಗೆ ಕಚೇರಿಯ ನೌಕರರಲ್ಲಿ ಯಾರಾದರೂ ಸಂಬಂಧಿಕರು ಇದ್ದಾರೆಯೇ? ಇದ್ದರೆ ವಿವರ.’

ಪೆನ್ನು ನಿಂತೇ ಇತ್ತು. ತಂಗಿ ಗೋಡೆಯ ಮೇಲಿನ ದಾರದ ಉಂಡೆಗಳನ್ನು ನೋಡುತ್ತ ಕೂತಳು. ಎಷ್ಟು ನಿಮಿಷ ಎಂದು ಅವಳು ಅಳೆಯಲಿಲ್ಲ. ಕೊನೆಗೆ ಪೆನ್ನು ಕದಲಿದ ಸದ್ದು ಕೇಳಿತು. ಅಕ್ಕ ಬರೆದು, ಸಹಿ ಹಾಕಿ, ಕಾಗದವನ್ನು ಮಡಚಿ, ಅದರ ಬಾಯಿಗೆ ಸೂಜಿಯಿಂದ ಎರಡು ಹೊಲಿಗೆಯನ್ನೂ ಹಾಕಿ ಕೊಟ್ಟಳು. “ನಿಮ್ಮ ಸಾಹೇಬ್ರೇ ಬಿಚ್ಚಲಿ.”

ಶುಕ್ರವಾರ ಬೆಳಿಗ್ಗೆ ಮೇಲಧಿಕಾರಿ ದಾರ ಬಿಚ್ಚಲು ಬ್ಲೇಡು ಹುಡುಕಬೇಕಾಯಿತು. ಗೊಣಗುತ್ತಲೇ ಓದಿದರು. ಎಲ್ಲ ಸರಿಯಾಗಿತ್ತು. ಕೊನೆಯಿಂದ ಎರಡನೇ ಸಾಲಿಗೆ ಬಂದು ಹುಬ್ಬು ಗಂಟಿಕ್ಕಿದರು, ಗಟ್ಟಿಯಾಗಿ ಓದಿದರು.

“‘ಇದ್ದಾಳೆ. ಒಬ್ಬಳೇ ತಂಗಿ. ಕೆಲಸ ಅಚ್ಚುಕಟ್ಟು. ಸ್ವಲ್ಪ ಮೊಂಡು.’ ಏನ್ರೀ ಇದು ಮೇಡಂ? ವಿವರ ಅಂದ್ರೆ ಹೆಸ್ರು, ಹುದ್ದೆ ಬರೀಬೇಕು. ವಾಪಸ್ ಕಳಿಸಿ ತಿದ್ದಿಸ್ಕೊಂಡು ಬನ್ನಿ.”

ಮೇಜಿನ ಈಚೆ ನಿಂತಿದ್ದವಳಿಗೆ ನಗುವೂ ಅಳುವೂ ಒಟ್ಟಿಗೇ ಉಕ್ಕಿ ಬಂದವು. ಎರಡನ್ನೂ ನುಂಗಿಕೊಂಡು ಹೇಳಿದಳು:

“ತಿದ್ದೋಕೆ ಏನೂ ಇಲ್ಲ ಸರ್. ವಿವರ ಸರಿಯಾಗಿದೆ.”